ಷಡ್ಡಕನ ದಪ್ಪ ಪೈಪು

ಷಡ್ಡಕನ ಪಿಕಪ್ ಇನ್ನೂ ಬೀದಿಯ ತುದಿಯಲ್ಲಿರುವಾಗಲೇ ಅದರ ಗುಡುಗಿಗೆ ಹಿರಿಯ ಅಳಿಯನ ಕೈಯಲ್ಲಿದ್ದ ಲೋಟ ನಡುಗಲು ಶುರುವಾಗುತ್ತಿತ್ತು. ಲೋಟ ನಡುಗಿದರೆ ಹಾಳಾಗಿ ಹೋಗಲಿ, ಸಹಿಸಬಹುದು. ಆ ಸದ್ದಿಗೆ ಅತ್ತೆಯ ಮುಖ ಅರಳುತ್ತಿತ್ತಲ್ಲ, ಅದನ್ನು ಸಹಿಸುವುದು ಹೇಗೆ? "ಚಿಕ್ಕಳಿಯಂದ್ರು ಬಂದ್ರು!" ಎಂದು ಆಕೆ ಬಾಗಿಲಿಗೆ ಓಡುತ್ತಿದ್ದರು. ಹಿರಿಯ ಅಳಿಯ ಬಂದು ಕೂತು ಅರ್ಧ ದಿನಪತ್ರಿಕೆ ಓದಿ ಮುಗಿಸಿದ ಮೇಲೆ "ಅಯ್ಯೋ, ನೀವು ಯಾವಾಗ ಬಂದ್ರಿ?" ಎಂದು ಅದೇ ಅತ್ತೆ ಕೇಳಿದ್ದೂ ಉಂಟು.

ಇಬ್ಬರದೂ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಬಿಳಿ ಪಿಕಪ್. ಹಿರಿಯನದು ಶೋರೂಮಿನಿಂದ ಬಂದ ಹಾಗೇ ಇತ್ತು. ಷಡ್ಡಕ ಮಾತ್ರ ಎಂಜಿನ್ನಿನಿಂದ ಸೈಲೆನ್ಸರ್‌ವರೆಗೆ ತೋಳಿನ ಗಾತ್ರದ ಪೈಪು ಹಾಕಿಸಿ, ಸೈಲೆನ್ಸರಿನ ಹೊಟ್ಟೆಯನ್ನು ಖಾಲಿ ಮಾಡಿಸಿದ್ದ. ಗಾಳಿ ಎಳೆಯುವ ಕಡೆ ಕಂಪನಿಯ ಕಪ್ಪು ಡಬ್ಬಿಯನ್ನು ಕಿತ್ತೆಸೆದು, ಆಲಿಕೆಯ ಆಕಾರದ ಕೆಂಪು ಫಿಲ್ಟರ್ ಕೂರಿಸಿದ್ದ. ಯಾರು ಸಿಕ್ಕಿದರೂ ಸರಿ, ಡ್ರೈವರ್ ಸೀಟು ಎತ್ತಿ ಅದರಡಿಯ ಎಂಜಿನ್ ತೋರಿಸುತ್ತಿದ್ದ. "ಗಾಡಿ ಸಲೀಸಾಗಿ ಉಸಿರಾಡ್ಬೇಕು ಭಾವ. ದೊಡ್ಡದಾಗಿ ಎಳ್ಕೋಬೇಕು, ದೊಡ್ಡದಾಗಿ ಬಿಡ್ಬೇಕು. ಆಮೇಲೆ ನೋಡಿ ಅದರ ತಾಕತ್ತು! ಮುಟ್ಬೇಡಿ, ನೋಡಿ ಅಷ್ಟೆ."

ಇಷ್ಟೇ ಆಗಿದ್ದರೆ ಹಿರಿಯ ಅಳಿಯ ಹೊಟ್ಟೆ ಉರಿದುಕೊಂಡು ಸುಮ್ಮನಿರುತ್ತಿದ್ದನೇನೋ. ಆದರೆ ಮಾವ ಒಂದು ಪಂದ್ಯ ಹೂಡಿಬಿಟ್ಟರು. ಮಾವನ ಐಸ್ ಫ್ಯಾಕ್ಟರಿ ಗುಡ್ಡದ ಬುಡದಲ್ಲಿತ್ತು. ಗುಡ್ಡದ ನೆತ್ತಿಯಲ್ಲಿ ದೊಡ್ಡ ಹೋಟೆಲ್ಲೊಂದು ಎದ್ದು, ದಿನಾ ಗಾಡಿ ತುಂಬ ಐಸ್ ಬೇಕು ಎಂದಿತ್ತು. "ಸೋಮವಾರ ಬೆಳಿಗ್ಗೆ ಇಬ್ರೂ ಒಂದೇ ಸಮ ಐಸ್ ಹೇರ್ಕೊಂಡು ಗುಡ್ಡ ಹತ್ತಿ," ಎಂದರು ಮಾವ. "ಮೊದಲು ಮೇಲೆ ಮುಟ್ಟಿದವರು ಸಾಗಾಣಿಕೆಗೆ ಯಜಮಾನ. ಇನ್ನೊಬ್ಬರು ಅವರ ಕೈಕೆಳಗೆ ಡ್ರೈವರ್. ಮನೆ ಜಗಳ ಮನೇಲೇ ಮುಗೀಲಿ."

ಷಡ್ಡಕನ ಕೈಕೆಳಗೆ! ತನಗಿಂತ ಚಿಕ್ಕವನು, ತನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಪಕ್ಕದ ಮನೆಯ ಹುಡುಗ! ಅವನು ಬೆರಳು ತೋರಿಸಿದ ಕಡೆ ಗಾಡಿ ನಿಲ್ಲಿಸಿ, ಅವನು ರಜೆ ಕೊಟ್ಟ ದಿನ ಹಬ್ಬ ಮಾಡುವ ಬಾಳು ಯಾರಿಗೆ ಬೇಕು? ಹಿರಿಯ ಅಳಿಯನಿಗೆ ಅನ್ನ ರುಚಿಸದಾಯಿತು. ಆ ಉಪವಾಸದಲ್ಲಿಯೇ ಅವನ ತಲೆಗೆ ಯೋಜನೆ ಹೊಳೆದದ್ದು.

ಟೈರಿಗೆ ಮೊಳೆ, ಡೀಸೆಲ್ಲಿಗೆ ಸಕ್ಕರೆ ಇಂಥವೆಲ್ಲ ದಡ್ಡರು ಮಾಡುವ ಕೆಲಸ. ಅವನ ಗಾಡಿಯ ಬ್ರೇಕು ಮುಟ್ಟುವುದಂತೂ ಪಾಪಿಗಳ ಕೆಲಸ. ನಾದಿನಿಯ ಗಂಡ, ಏನೇ ಆದರೂ ನಮ್ಮವನು. ಹಿರಿಯ ಅಳಿಯ ಆರಿಸಿಕೊಂಡದ್ದು ಇದಕ್ಕಿಂತ ನಾಜೂಕಾದ ದಾರಿ. ಅವನ ದಪ್ಪ ಪೈಪು ತನ್ನ ಗಾಡಿಗೆ, ತನ್ನ ಸಣ್ಣ ಪೈಪು ಅವನ ಗಾಡಿಗೆ. ಅವನ ಕೆಂಪು ಫಿಲ್ಟರ್ ತನಗೆ, ತನ್ನ ಕಪ್ಪು ಡಬ್ಬಿ ಅವನಿಗೆ. ಗಾಡಿಗೆ ಕಂಪನಿಯದೇ ಸಾಮಾನು ಹಾಕಿದ್ದು ಅಪರಾಧ ಎಂದು ಯಾವ ಪೊಲೀಸಿನವನು ಕೇಸು ಬರೆದಾನು? ಖಾಲಿ ಹೊಟ್ಟೆಯ ಸೈಲೆನ್ಸರ್ ಮಾತ್ರ ಷಡ್ಡಕನಿಗೇ ಇರಲಿ. ಗುಡುಗುವುದು ಅದೇ ತಾನೇ, ಅವನಿಗೆ ಅನುಮಾನ ಬರುವುದಿಲ್ಲ. ಗುಡುಗು ಅವನದು, ತಾಕತ್ತು ತನ್ನದು. ಈ ಮಾತು ಹೊಳೆದಾಗ ಹಿರಿಯ ಅಳಿಯ ಕನ್ನಡಿಯ ಮುಂದೆ ನಿಂತು ತನಗೆ ತಾನೇ ತಲೆದೂಗಿಕೊಂಡ.

ಒಂದೇ ತೊಡಕು. ಷಡ್ಡಕ ಗಳಿಗೆಗೊಮ್ಮೆ ಸೀಟು ಎತ್ತುವವನು. ಕೆಂಪು ಫಿಲ್ಟರ್ ಕಾಣದಿದ್ದರೆ ಬಾಯಿ ಬಾಯಿ ಬಡಿದುಕೊಳ್ಳುತ್ತಾನೆ. ಹಿರಿಯ ಅಳಿಯ ಅಡುಗೆಮನೆಯಿಂದ ಎಣ್ಣೆ ಸುರಿಯುವ ಆಲಿಕೆ ಕದ್ದ. ಹಳೆಯ ಸೊಳ್ಳೆ ಪರದೆಯ ತುಂಡನ್ನು ಅದಕ್ಕೆ ಸುತ್ತಿ, ಹೆಂಡತಿಯ ನೇಲ್ ಪಾಲಿಶ್ ಪೂರ್ತಿ ಬಳಿದ. ಮುಟ್ಟಿ ನೋಡಿದರೆ ಗುಟ್ಟು ರಟ್ಟು. ಆದರೆ ಮುಟ್ಟಬೇಡಿ ಎಂದು ಕಾನೂನು ಮಾಡಿದವನೇ ಷಡ್ಡಕ, ಅದಕ್ಕೂ ಮಿಗಿಲಾದ ಕಾವಲು ಬೇಕೆ?

"ರೀ, ನನ್ನ ನೇಲ್ ಪಾಲಿಶ್ ಎಲ್ಲಿ?" ಎಂದಳು ಹೆಂಡತಿ.

"ನಾನೇನು ಹಚ್ಕೊಂಡಿದ್ದೀನಾ?" ಎಂದು ಅವನು ಎರಡೂ ಕೈ ತೋರಿಸಿದ. ಬೆರಳ ತುದಿಗಳು ಕೆಂಪಗಿದ್ದವು. ಅವಳು ಆ ಬೆರಳುಗಳನ್ನು ನೋಡಿ ಒಳಗೆ ಹೋದಳು.

ಭಾನುವಾರ ಎರಡು ಸಂಸಾರಗಳೂ ಮಾವನ ಮನೆಗೆ ಬಂದು ತಂಗಿದವು. ಪಿಕಪ್‌ಗಳು ಅಂಗಳದಲ್ಲಿ ಅಕ್ಕಪಕ್ಕ ನಿಂತವು. ಮಧ್ಯಾಹ್ನದ ಊಟವಾದ ಮೇಲೆ ಮನೆಗೆ ಮನೆಯೇ ನಿದ್ದೆಗೆ ಬಿತ್ತು. ಷಡ್ಡಕನ ಗೊರಕೆ ಕೂಡ ಸೈಲೆನ್ಸರ್ ಕಿತ್ತ ಗಾಡಿಯಂತೆಯೇ ಇತ್ತು, ಹಾಗಾಗಿ ಅವನು ಎಚ್ಚರವಾದರೆ ತಿಳಿಯುವುದು ಸುಲಭ. ಹಿರಿಯ ಅಳಿಯ ಪೈಪಿಗೆ ಅಂಗೈ ಹಿಂಬದಿ ತಾಗಿಸಿ ಆರಿದೆಯೆಂದು ಖಾತ್ರಿ ಮಾಡಿಕೊಂಡ. ತನ್ನ ಗಾಡಿಯ ತುಕ್ಕು ಹಿಡಿದ ನಟ್ಟುಗಳಿಗೆ ಮನೆಯಲ್ಲೇ ಎಣ್ಣೆ ಕುಡಿಸಿ ಸಡಿಲ ಮಾಡಿಟ್ಟಿದ್ದ. ಷಡ್ಡಕನವು ಹೊಸವು, ಹೇಳಿದ ಮಾತು ಕೇಳಿದವು. ಎರಡೂ ಪೈಪುಗಳ ತುದಿಗಳಲ್ಲಿ ಬೋಲ್ಟು ಕೂರುವ ಜಾಗ ಒಂದೇ ಅಳತೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಸಾಗಿತು. ಫಿಲ್ಟರುಗಳೂ ಅದಲುಬದಲಾದವು, ಷಡ್ಡಕನ ಸೀಟಿನಡಿ ಕಪ್ಪು ಡಬ್ಬಿಯನ್ನು ಮರೆಮಾಡಿ ಕೆಂಪು ಆಲಿಕೆ ಕೂತಿತು.

ಷಡ್ಡಕನ ಗಾಡಿಯಡಿ ಕೊನೆಯ ನಟ್ಟು ಬಿಗಿಯುತ್ತಿದ್ದಾಗ ಅತ್ತೆಯ ಪಾದಗಳು ಬಂದು ನಿಂತವು.

"ಏನ್ ಅಳಿಯಂದ್ರೇ, ಇಲ್ಲಿ ಮಲ್ಗಿದ್ದೀರಿ?"

"ಒಳಗೆ ಸೆಕೆ ಅತ್ತೆ."

"ಇದು ಚಿಕ್ಕಳಿಯಂದ್ರ ಗಾಡಿ."

"ಇದರ ನೆರಳೇ ತಂಪು."

ಅತ್ತೆಗೆ ಅದು ಸರಿಯೆನಿಸಿತು. ಒಳಗೆ ಹೋಗಿ ದಿಂಬು ತಂದು ಗಾಡಿಯಡಿ ತಳ್ಳಿದರು. ಮದುವೆಯಾದಾಗಿನಿಂದ ಅತ್ತೆ ಅವನಿಗೆ ತಾವಾಗಿಯೇ ದಿಂಬು ಕೊಟ್ಟದ್ದು ಅದೇ ಮೊದಲು. ಹಿರಿಯ ಅಳಿಯ ಅದರ ಮೇಲೆ ತಲೆಯಿಟ್ಟು ನಟ್ಟು ಬಿಗಿದು ಮುಗಿಸಿದ. ಇಂಥ ಮನೆಯಲ್ಲಿ ತಾನೇ ಯಜಮಾನನಾಗಬೇಕು ಎಂಬ ಹಟ ಇನ್ನೂ ಗಟ್ಟಿಯಾಯಿತು.

ಸೋಮವಾರ ಬೆಳಿಗ್ಗೆ ಷಡ್ಡಕ ಸೀಟು ಎತ್ತಿ ಫ್ಯಾಕ್ಟರಿಯ ಆಳುಗಳಿಗೆಲ್ಲ ಆಲಿಕೆಯನ್ನು ತೋರಿಸಿದ. ಎಲ್ಲರೂ ಬೆರಗಾದರು. ಹಿರಿಯ ಅಳಿಯನೂ ಒಂದು ಹೆಜ್ಜೆ ಹಿಂದೆ ನಿಂತು ಧಾರಾಳವಾಗಿ ಬೆರಗಾದ. ಐಸಿನ ದಿಮ್ಮಿಗಳನ್ನು ಗೋಣಿಯಲ್ಲಿ ಸುತ್ತಿ ಎರಡೂ ಗಾಡಿಗೆ ಹೇರಿದರು. ಮಾವ ಸ್ಕೂಟರಿನಲ್ಲಿ ಮುಂದೆ ಹೋಗಿ ಗುಡ್ಡದ ಮೊದಲ ತಿರುವಿನಲ್ಲಿ ನಿಂತರು.

ಸಮತಟ್ಟು ರಸ್ತೆಯಲ್ಲಿ ಹಿರಿಯ ಅಳಿಯನ ಗಾಡಿ ಹಾರಿತು. ಅವನು ಶಿಳ್ಳೆ ಹಾಕಿದ. ಏರು ಶುರುವಾಯಿತು. ಗಾಡಿ ಮೂರನೇ ಗೇರಿನಲ್ಲಿ ಕೆಮ್ಮಿತು, ಎರಡನೆಯದರಲ್ಲಿ ಏದುಸಿರು ಬಿಟ್ಟಿತು, ಮೊದಲನೆಯದರಲ್ಲಿ ನಡುಗಿತು. ಹೊಸ ತಾಕತ್ತು ಇನ್ನೂ ಮೈಗೂಡಿಲ್ಲ, ಪಾಪ, ಎಂದುಕೊಂಡು ಅವನು ಪೆಡಲನ್ನು ನೆಲಕ್ಕೆ ಒತ್ತಿದ. ಸರಿಯಾಗಿ ಮಾವ ನಿಂತಿದ್ದ ತಿರುವಿನಲ್ಲಿ, ಮಾವನ ಮೂಗಿನಡಿಯಲ್ಲಿ, ಎಂಜಿನ್ ನಿಂತೇಹೋಯಿತು. ಷಡ್ಡಕನ ಪಿಕಪ್ ಗುಡುಗುತ್ತ ಪಕ್ಕದಿಂದಲೇ ಹತ್ತಿ ಹೋಯಿತು, ಸ್ಟೇರಿಂಗ್ ಹಿಡಿದಿದ್ದ ಷಡ್ಡಕನ ಬಾಯಿ ಮಾತ್ರ ಯಾಕೋ ತೆರೆದೇ ಇತ್ತು.

ಹಿರಿಯ ಅಳಿಯ ಕೀ ತಿರುಗಿಸಿದ. ಎಂಜಿನ್ ಶುರುವಾಯಿತು, ಗಾಡಿ ಒಂದು ಮೊಳ ಮುಂದೆ ಹೋಗಿ ಮತ್ತೆ ನಿಂತಿತು. ಗೋಣಿಯಿಂದ ನೀರು ತೊಟ್ಟಿಕ್ಕತೊಡಗಿತು. ಮಾವ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಂದರು. "ಇಳೀರಿ ಅಳಿಯಂದ್ರೇ, ಸೀಟು ಎತ್ತಿ ನೋಡೋಣ."

"ಬೇಡ ಮಾವ."

"ಯಾಕೆ?"

"ಸೊಂಟ ಹಿಡ್ಕೊಂಡಿದೆ."

ಮಾವ ತೋಳು ಹಿಡಿದು ಎಳೆದರು. ಅವನು ಸ್ಟೇರಿಂಗನ್ನು ತಬ್ಬಿಕೊಂಡ. ಅಡಿಯ ಎಂಜಿನ್ ಸೀಟನ್ನು ಕಾವಲಿಯಂತೆ ಕಾಯಿಸುತ್ತಿತ್ತು. ಅವನು ಬಲಕ್ಕೂ ಎಡಕ್ಕೂ ಭಾರ ಬದಲಿಸುತ್ತ ಕೂತ, ಏಳಲಿಲ್ಲ. ಹಿಂದೆ ಐಸು ಕರಗಿ ರಸ್ತೆಗುಂಟ ಹರಿಯಿತು. ಅಷ್ಟರಲ್ಲಿ ಷಡ್ಡಕ ಐಸು ಇಳಿಸಿ ವಾಪಸ್ಸು ಬಂದ. ಮಾವ ಹಗ್ಗ ತರಲು ಆ ಗಾಡಿಯ ಕಡೆ ನಡೆದರು.

ಷಡ್ಡಕ ಕಿಟಕಿಗೆ ಒರಗಿ ದನಿ ತಗ್ಗಿಸಿದ. "ಭಾವ, ನಿಮಗೊಬ್ರಿಗೇ ಹೇಳ್ತೀನಿ. ಆ ಪೈಪು ಹಾಕಿಸಿದ ಮೇಲೆ ನನ್ನ ಗಾಡಿ ಲೋಡು ಹೊತ್ತು ಒಂದು ಏರೂ ಹತ್ತಿರ್ಲಿಲ್ಲ. ಈ ಚಿಕ್ಕ ಎಂಜಿನ್‌ಗೆ ಅಷ್ಟು ಅಗಲದ ಪೈಪು ಖಾಲಿ ರಸ್ತೇಲಿ ಓಡೋಕೆ ಸರಿ. ನಿಧಾನಕ್ಕೆ ಏರು ಹತ್ತೋವಾಗ ಹೊಗೆ ಅದರೊಳಗೆ ತೂಕಡಿಸುತ್ತೆ, ಎಳೆಯೋ ಶಕ್ತೀನೇ ಇರಲ್ಲ ಅಂತ ಗ್ಯಾರೇಜಿನವನು ಬಯ್ದಿದ್ದ. ಕೆಂಪು ಫಿಲ್ಟರೂ ಅಷ್ಟೆ, ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತೆ. ಅಷ್ಟು ಮೆರೆದ ಮೇಲೆ ಬಿಚ್ಚಿಸೋಕೆ ನಾಚಿಕೆ ಆಯ್ತು. ನಿನ್ನೆ ಸಾಯಂಕಾಲ ಮಾವನ ಹತ್ರ ಹೋಗಿ, ಭಾವನೇ ಯಜಮಾನ ಆಗ್ಲಿ, ನಾನು ಡ್ರೈವರ್ ಆಗಿರ್ತೀನಿ ಅಂದುಬಿಟ್ಟೆ. ಸೋಲೋದಾದ್ರೂ ಹತ್ತಿ ಸೋಲಿ ಅಂದ್ರು ಮಾವ. ಇವತ್ತು ಅದೇನು ಮಾಯೆಯೋ, ಹತ್ತಿಬಿಡ್ತು!" ನಟ್ಟಿನ ಅಳತೆಯಿಂದ ಹಿಡಿದು ನೇಲ್ ಪಾಲಿಶಿನ ಬಣ್ಣದವರೆಗೆ ಎಲ್ಲವನ್ನೂ ಲೆಕ್ಕ ಹಾಕಿದ್ದ ಹಿರಿಯ ಅಳಿಯ, ಆ ಗಾಡಿಯ ಸದ್ದನ್ನು ದಿನವೂ ಕೇಳಿದ್ದನೇ ಹೊರತು ಅದು ಲೋಡು ಹೊತ್ತು ಏರು ಹತ್ತಿದ್ದನ್ನು ಇವತ್ತಿನವರೆಗೆ ಒಮ್ಮೆಯೂ ಕಂಡಿರಲಿಲ್ಲ. ಷಡ್ಡಕ ಅಕ್ಕರೆಯಿಂದ ಬಾಗಿಲು ತೆರೆದು, ಅವನ ಎರಡೂ ಕಂಕುಳಿಗೆ ಕೈ ಹಾಕಿದ. "ಈಗ ಏಳಿ ಭಾವ, ನಿಮ್ಮದರಲ್ಲೇನಿದೆ ಅಂತ ನೋಡಿಬಿಡೋಣ."