ಅಳುಕುಮಾಪಕ

ವಾರಿಜಾಳ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿಯಲ್ಲಿ ಹಳದಿ ದೀಪ ಮಿಟುಕುತ್ತಲೇ ಇತ್ತು. ಮೈಸೂರಿನ ಆ ಅಂಗಡಿಯ ಹಾಸಿನ ಮೇಲೆ ಧಾರೆ ಸೀರೆಗಳು ಗುಡ್ಡೆ ಬಿದ್ದಿದ್ದವು. ಒಂದನ್ನು ಮುಟ್ಟುವಳು, ಬಿಡುವಳು, ಮತ್ತೆ ಮೊದಲನೆಯದಕ್ಕೇ ಬರುವಳು. ಮಧ್ಯಾಹ್ನವೆಲ್ಲ ಹೀಗೆಯೇ ಕಳೆದಿತ್ತು.

ಪಟ್ಟಿಯ ಹೆಸರು ಅಳುಕುಮಾಪಕ. ಕೊಳ್ಳುವವರ ನಾಡಿ, ಬೆವರುಗಳನ್ನು ಓದಿ, ಮನಸ್ಸು ಎಷ್ಟು ಹೊತ್ತು ಹೊಯ್ದಾಡಿತೆಂದು ಅದು ಅಳೆಯುತ್ತಿತ್ತು. ಅದನ್ನು ರೂಪಿಸಿದ ನರವಿಜ್ಞಾನಿ ಚಿದಾನಂದನೇ ವಾರಿಜಾಳನ್ನು ಮದುವೆಯಾಗಲಿದ್ದವನು. ಫೋನಿನಲ್ಲಿ ಕೊಳ್ಳುವುದಕ್ಕೂ ಅಂಗಡಿಗೆ ಬಂದು ಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಅವನ ಸಂಶೋಧನೆ.

"ವಿಚಿತ್ರ ನೋಡು," ಎಂದ ಅವಳೆದುರು ನಿಂತಿದ್ದ ಚಿದಾನಂದ. "ಮನೇಲಿ ನೀನು ಈ ಪಟ್ಟಿ ಕಟ್ಕೊಂಡೇ ಫೋನಲ್ಲಿ ಅಷ್ಟೊಂದು ಸಾಮಾನು ತರಿಸ್ದೆ, ಒಂದ್ಸಲಾನೂ ದೀಪ ಹಳದಿ ಆಗ್ಲಿಲ್ಲ. ಇಲ್ಲಿ ಒಂದು ಸೀರೆಗೆ ಇಷ್ಟು ಒದ್ದಾಟ!"

"ಫೋನಲ್ಲಿ ತರಿಸಿದ್ದನ್ನ ವಾಪಸ್ ಕಳಿಸಬಹುದಲ್ರೀ."

"ಸೀರೇನೂ ಬದಲಾಯಿಸ್ಬಹುದು."

ಅವಳು ಮತ್ತೊಂದು ಸೀರೆಯ ಮಡಿಕೆ ಬಿಡಿಸಿದಳು. ಪಕ್ಕದಲ್ಲಿ ಕುಳಿತಿದ್ದ ಚಿದಾನಂದನ ತಾಯಿ ಮತ್ತೆ ಗಡಿಯಾರ ನೋಡಿದರು. ಚಿದಾನಂದ ಪಟ್ಟಿಯತ್ತ ಬೆರಳು ತೋರಿಸಿದ.

"ಇದರಲ್ಲಿ ಹೊಸದೊಂದು ಸೌಲಭ್ಯ ಇದೆ, ಪರೀಕ್ಷೆ ಮಾಡ್ಲಾ?"

"ಏನದು?"

"ಸಣ್ಣ ವಿದ್ಯುತ್ ಸ್ಪಂದನ. ನೋವಾಗಲ್ಲ. ಹಿಂದೇಟು ಹಾಕಿಸೋ ನರಗಳನ್ನ ಸ್ವಲ್ಪ ಹೊತ್ತು ಸುಮ್ಮನಾಗಿಸುತ್ತೆ. ಬೇಕಾದ್ದು ಬೇಕು, ಬೇಡದ್ದು ಬೇಡ, ಅಷ್ಟೇ. ಅಂಗಡೀಲೂ ಫೋನಿನಷ್ಟೇ ಸಲೀಸು."

ಹೇಗಾದರೂ ಈ ಚಡಪಡಿಕೆ ಮುಗಿದರೆ ಸಾಕಾಗಿತ್ತು ಅವಳಿಗೆ. "ಮಾಡಿ," ಎಂದಳು.

ಅವನು ಪಟ್ಟಿಯ ಗುಂಡಿ ಒತ್ತಿದ; ದೀಪ ಹಸಿರಾಯಿತು. ಅವಳ ಅಳುಕು ತಟ್ಟನೆ ಅಡಗಿತು. ವಾರಿಜಾ ಸೀರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು.

"ಯಾವುದೂ ಬೇಡ. ನಂಗೆ ಈ ಮದುವೇನೇ ಬೇಡ."

"ಏನಂದೆ?" ತಾಯಿ ಎದ್ದೇಬಿಟ್ಟರು.

ಚಿದಾನಂದ ಬಿಳಿಚಿಕೊಂಡ. "ಅಮ್ಮಾ, ಅದು ಯಂತ್ರದ ತಪ್ಪು. ಸ್ಪಂದನ ಜಾಸ್ತಿಯಾಗಿದೆ. ಅವಳ ಮಾತಲ್ಲ ಅದು."

ವಾರಿಜಾ ಪಟ್ಟಿ ಬಿಚ್ಚಿ ಅವನ ಕೈಗಿತ್ತಳು. ನಿಧಾನವಾಗಿ ಅಳುಕು ಹಿಂದಿರುಗಿತು. ಅಪ್ಪನ ಮುಖ, ಹಂಚಿ ಮುಗಿದಿದ್ದ ಲಗ್ನಪತ್ರಿಕೆ, ನೆಂಟರ ಪಿಸುಮಾತು ಎಲ್ಲವೂ ಒಟ್ಟಿಗೇ ನುಗ್ಗಿದವು. ಈಗ ನಕ್ಕು ತಮಾಷೆಗೆ ಅಂದೆ ಎಂದುಬಿಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ಚಿದಾನಂದ ಅದನ್ನೇ ಕಾಯುತ್ತಿದ್ದ.

ತಡವರಿಸುತ್ತಲೇ, "ನೀವು ಒಳ್ಳೆಯವರು," ಎಂದಳು. "ಆದ್ರೆ ನಿಶ್ಚಯ ಆದಾಗ್ಲೂ ಯಾರೂ ನನ್ನ ಕೇಳ್ಲಿಲ್ಲ. ಕೇಳಿದ್ರೆ ಆಗ್ಲೂ ಬೇಡ ಅಂತಿದ್ದೆ."

ತಾಯಿ ಏನೋ ಹೇಳಹೊರಟರು. ಚಿದಾನಂದ ಕೈಯೆತ್ತಿ ತಡೆದ. ಮೊದಲ ಬಾರಿಗೆ ಅವಳ ಮುಖವನ್ನೇ ನೋಡುತ್ತ, ಕುರ್ಚಿಯೊಂದನ್ನು ಅವಳತ್ತ ಎಳೆದ.

"ಕೂತ್ಕೋ ವಾರಿಜಾ, ನಡುಗ್ತಿದೀಯ. ಈ ಮದುವೆ ಬೇಡ ಅಂತ ನಿಮ್ಮಪ್ಪಂಗೆ ನಾನೇ ಹೇಳ್ತೀನಿ."