ಅಣ್ಣನ ದೋಣಿಯ ನಂಬರು

೨೦೦೭ರ ಸೆಪ್ಟೆಂಬರ್. ಅಣ್ಣ ತುಳಸಿದಾಸನ ದೋಣಿ ಸಮುದ್ರದಿಂದ ಮರಳದೆ ಎರಡು ದಿನವಾಗಿತ್ತು. ಕಾರವಾರದ ದೋಣಿಗಳಿಗೆ ನಾನೇ ಕೂರಿಸಿದ್ದ ಸಿಗ್ನಲ್ ಪೆಟ್ಟಿಗೆಗಳು ಹತ್ತು ಸೆಕೆಂಡಿಗೊಮ್ಮೆ ತಮ್ಮ ನಂಬರನ್ನು ಕೋಡಿಬಾಗದ ನಮ್ಮ ರೂಟರಿಗೆ ಕಳಿಸುತ್ತಿದ್ದವು. ರೂಟರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವೋ, ನಂಬರು ಹೊತ್ತು ಬರುವ ಒಂದೊಂದು ಪ್ಯಾಕೆಟ್ಟಿಗೂ ಪ್ರೊಸೆಸರನ್ನು ಎಬ್ಬಿಸಿ ಸುಸ್ತು ಮಾಡುತ್ತಿತ್ತು, ಅರ್ಧಕ್ಕರ್ಧ ಕಳೆದುಹೋಗುತ್ತಿದ್ದವು. ಅಣ್ಣನದೂ ಅಲ್ಲೇ ಕಳೆಯುತ್ತಿರಬೇಕೆಂದು, ಅನ್ನ ನೀರು ಬಿಟ್ಟು, ಸಮಯ ಎಲ್ಲಿ ಸೋರುತ್ತಿದೆಯೆಂದು ಅಳೆದೆ. ಪ್ಯಾಕೆಟ್ಟುಗಳನ್ನು ಒಟ್ಟಿಗೇ ಎತ್ತಿಕೊಳ್ಳುವಂತೆ ಡ್ರೈವರ್ ಬದಲಿಸಿದೆ.

ಮಧ್ಯಾಹ್ನ ಮೂರಕ್ಕೆ ಅಣ್ಣನ ನಂಬರು ಬಂತು. ಹತ್ತು ಸೆಕೆಂಡಿಗೆ ಮತ್ತೆ ಬಂತು. ಯಾವಾಗಲೂ ಕೈ ಸುಡುವ ರೂಟರು ಐಸಿನಲ್ಲಿಟ್ಟ ಮೀನಿನಂತೆ ತಣ್ಣಗಿತ್ತು. ಅನುಮಾನವಾಗಿ ಆಂಟೆನಾ ಕಿತ್ತೆ. ನಂಬರು ನಿಲ್ಲಲಿಲ್ಲ.

ನಂಬರಿನ ಪಟ್ಟಿ ಹುಡುಕಲು ಡ್ರಾಯರ್ ಎಳೆದೆ. ಒಳಗೆ ಅಣ್ಣನ ದೋಣಿಯ ಪೆಟ್ಟಿಗೆಯೇ ಇತ್ತು. ದೋಣಿ ಹೊರಡುವ ಮೊದಲು, ಸೋಮವಾರ, ಟೆಸ್ಟಿಗೆಂದು ಬಿಚ್ಚಿ ತಂದವನು ವಾಪಸ್ ಕೂರಿಸುವುದನ್ನು ಮರೆತಿದ್ದೆ. ಅದರಲ್ಲಿ ಬ್ಯಾಟರಿ ಇರಲಿಲ್ಲ.

ಆಗಲೇ ಅಣ್ಣನ ಹೆಂಡತಿ, ವೈನಿಯ ಫೋನು. "ಅವರ ಸಿಗ್ನಲ್ ಬಂತೇನೋ, ಜಗದೀಶ?"

ಕಂಪ್ಯೂಟರಿನ ತೆರೆಯ ಮೇಲೆ ನಂಬರು ಮತ್ತೆ ಮೂಡಿತು.

"ಬರ್ತಾ ಅದೆ, ವೈನಿ."

"ಹಂಗಾರೆ ಅವರಿಗೂ ಸೇರಿಸಿ ಅನ್ನಕ್ಕೆ ಇಡ್ತೇನೆ."

ಅಕ್ಕಿ ತೊಳೆಯುವ ಸದ್ದು ಫೋನಿನಲ್ಲೇ ಕೇಳಿಸಿತು. ನಂಬರು ಮತ್ತೆ ಬಂತು.