ಅಲೆ ದೊಡ್ಡದಾತು!

"ಚಂದ್ರು... ಇದು ನೀನ ಬರದಿದ್ದಾ?"

ಆದೋನಿಯ ಕಾಲೇಜಿನ ಲ್ಯಾಬ್ ಬಾಗಿಲಲ್ಲಿ ನಿಂತ ಶಿವಲೀಲಾ ಫೋನನ್ನು ಮುಂದೆ ಚಾಚಿದಳು. ದೇವನಕೊಂಡದಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದಿದ್ದಳು.

ಚಂದ್ರಮೋಹನ್ ಗಾಬರಿಯಿಂದ ಎದ್ದ. ಎಂ.ಎಸ್ಸಿ.ಯಲ್ಲಿ ಅವಳ ಜೊತೆ ಓದಿದವನು, ಈಗ ಇಲ್ಲಿ ಫಿಸಿಕ್ಸ್ ಮೇಷ್ಟ್ರು. ಅವಳ ಪಿಎಚ್‌ಡಿಯ ಕೊನೆಯ ಲೆಕ್ಕ ಅವನ ಕಂಪ್ಯೂಟರಿನಲ್ಲೇ ಓಡುತ್ತಿತ್ತು.

"ಏಮೈಂದಿ, ಏನಾತು ಲೀಲಾ? ಯಾಕ ಅಳಾಕತ್ತೀ?"

"ಫೋನ್ ಯಾಕ ಎತ್ತಲಿಲ್ಲ?"

"ಕ್ಲಾಸಿನ್ಯಾಗಿದ್ದೆ..."

ಅವಳು ಅವನ ಮೆಸೇಜನ್ನು ಅವನಿಗೇ ತೋರಿಸಿದಳು. 'ಅಲೆ ದೊಡ್ಡದಾತು.' ಅಷ್ಟೇ!

ಅವಳ ಲೆಕ್ಕವೇ ಅಂಥದ್ದು. ವಿದ್ಯುತ್ ತುಂಬಿದ ಕಪ್ಪುಕುಳಿಯನ್ನು ಸಮೀಕರಣದಲ್ಲಿ ಒಮ್ಮೆ ಅಲುಗಿಸಿದರೆ, ಕನ್ನಡಿಯಲ್ಲಿ ಕಂಡಂತೆ ಒಂದು ವಿಚಿತ್ರ ಲೋಹದ ಗುಣ ಕಾಣುತ್ತದೆ. ಬೆದರಿದ ಕುರಿಹಿಂಡಿನಂತೆ ಅದರ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೇ ಓಲಾಡುತ್ತವೆ. ಆ ಅಲೆ ಮೆಲ್ಲಗೆ ಆರಿದರೆ ಲೆಕ್ಕ ಗಟ್ಟಿ. ಬೆಳೆಯುತ್ತ ಹೋದರೆ ಕಪ್ಪುಕುಳಿಯೂ ಉಳಿಯುವುದಿಲ್ಲ, ಅವಳ ಪಿಎಚ್‌ಡಿಯೂ ಉಳಿಯುವುದಿಲ್ಲ!

ಲೆಕ್ಕ ಕೆಟ್ಟರೆ ಅಪ್ಪ ತೋರಿಸಿದ ಗಂಡನ್ನು ಒಪ್ಪುತ್ತೇನೆ ಎಂದು ಮಾತು ಕೊಟ್ಟಿದ್ದಳು. ಪತ್ತಿಕೊಂಡದ ಗಂಡಿನವರು ಇವತ್ತು ಸಂಜೆಯೇ ಬರುವವರಿದ್ದರು. ಎದೆಯಲ್ಲಿ ಚಂದ್ರುವನ್ನು ಇಟ್ಟುಕೊಂಡು ಅಂಥ ಮಾತು ಕೊಡುತ್ತಾರೆಯೇ? ಕೊಟ್ಟಿದ್ದಳು, ತಿಳಿಗೇಡಿ!

"ಮುಗೀತು ಚಂದ್ರು... ನಾ ಮನಿಗೆ ಹೋಗಿ ಸೀರಿ ಉಟ್ಕೊಂಡು ಅವರ ಮುಂದ ಕುಂದರಬೇಕು."

"ಎದಕ್ಕ? ಅಲೆ ದೊಡ್ಡದಾತಲ್ಲ! ಪೂರಾ ದೊಡ್ಡದಾತು. ಖುಷಿ ಪಡು!"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. 'ನಾನು ಹಾಳಾದರೆ ಇವನಿಗೆ ಖುಷಿಯೇ?'

"ನನ್ನ ಬಾಳು ಕೆಟ್ಟರ ನಿನಗ ನಗು ಬರ್ತೈತೇನೋ, ಪಾಪಿ?"

ಅವನು ಏನೂ ತಿಳಿಯದೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಬೆರಳ ಸಂದಿಯಿಂದಲೇ ನೋಡಿದಳು. ಗೆರೆ ಮೇಲೆ ಕೆಳಗೆ ಓಲಾಡಿ, ಸಣ್ಣದಾಗಿ, ಕೊನೆಗೆ ನೆಟ್ಟಗೆ ಮಲಗಿತ್ತು.

"ಇದು... ಆರಿ ಹೋಗೇತಲ್ಲೋ!"

"ಶ್! ಆ ಮಾತು ಆಡಬ್ಯಾಡ!" ಅವನು ಬಾಗಿಲ ಕಡೆ ನೋಡಿದ, ತಾಯಿ ಅಲ್ಲೇ ನಿಂತಿರುವ ಹಾಗೆ. "ದೀಪ ಆರಿತು ಅಂದರ ಅಪಶಕುನ ಅಂತ ನಮ್ಮವ್ವ ಬಾಯಿಗೆ ಬರಿ ಎಳೀತಾಳ. ಆರಿದ ದೀಪಕ್ಕ ದೊಡ್ಡದಾತು ಅನ್ನಬೇಕು. ನಿನ್ನ ಕೆಲಸಕ್ಕ 'ಆರಿತು' ಅಂತ ಬರಿಯಾಕ ನನಗ ಕೈ ಬರಲಿಲ್ಲ, ಲೀಲಾ. ಅಂಜಿಕಿ ಆತು."

ಅವಳ ಮನೆಯಲ್ಲೂ ಅದೇ ಮಾತು! ಸಂಜೆ ಸಂಜೆ ಕೇಳಿ ಬೆಳೆದವಳು. ಕಪ್ಪುಕುಳಿಯ ಭಯದಲ್ಲಿ ಮನೆಯ ಮಾತೇ ಮರೆತಿದ್ದಳು.

"ಫಿಸಿಕ್ಸ್ ಮೇಷ್ಟ್ರಂತ ಫಿಸಿಕ್ಸ್ ಮೇಷ್ಟ್ರು! ನನ್ನ ಜೀವಾನ ತಗದಿದ್ದೆಲ್ಲೋ!" ಅಳುತ್ತ, ನಗುತ್ತ ಅವನ ಭುಜಕ್ಕೆ ಗುದ್ದಿದಳು. ಆಮೇಲೆ ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ಲೆಕ್ಕ ಸರಿ ಬಂದೈತಿ. ಅವರಿಗೆ ಬರಬ್ಯಾಡ್ರಿ ಅನ್ನು."

ಅಪ್ಪ ಕೂಗಾಡುವ ಮೊದಲೇ ಫೋನ್ ಇಟ್ಟಳು.

"ನನ್ನ ಕೆಲಸಕ್ಕ ನೀ ಯಾಕ ಅಷ್ಟು ಅಂಜ್ತೀ, ಚಂದ್ರು?"

ಅವನು ತಲೆ ತಗ್ಗಿಸಿದ. "ನಿನಗ ಏನಾರ ಆದರ... ನನಗೂ ಆದಂಗ. ಎಂ.ಎಸ್ಸಿ. ಓದೋವಾಗಿಂದ ಹಂಗ. ಹೇಳಾಕ ಧೈರ್ಯ ಇಲ್ಲ." ತಲೆ ಎತ್ತದೆಯೇ ಕೇಳಿದ, "ನಿನ್ನ ಮನಸ್ಸಿನ್ಯಾಗ... ನನ್ನ ಮ್ಯಾಲೆ ಏನಾರ..."

"ಇತ್ತು. ಈಗ ದೊಡ್ಡದಾತು."

ಅವನು ತಟ್ಟನೆ ತಲೆ ಎತ್ತಿದ. "ಅಂದರ... ಆರಿ... ಹೋತಾ?"

ಅವಳು ಅವನ ಕೈ ಹಿಡಿದಳು.

"ಹುಚ್ಚಾ! ಇದೊಂದು ಖರೇನ ದೊಡ್ಡದಾತು."